ಅನುವೃತ್ತಿ



ಜೀವಮಾನವೆಲ್ಲ ಮಕ್ಕಳಿಂದ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಹೇಳಿಸಿದ ಸಂಸ್ಕೃತದ ಮಾಸ್ತರನೊಬ್ಬನು ಇಂಜಿನಿಯರಿಂಗಿನ ವಿಷಯವಾಗಿ ಬರೆಯಹೊರಟರೆ ನಿಮಗೆ ನಗು ಬಂದೀತು. ನಗಬಹುದು, ಅದು ನನ್ನ ಅಧಿಕಾರಕ್ಕೆ ಮೀರಿದ ವಿಷಯವೆಂಬದು ನನಗೂ ಗೊತ್ತು. ಆದರೆ ಕಳೆದ ಎರಡು ವರ್ಷಗಳೊಳಗೆ ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದು, ನಾನು ನಾಲ್ವತ್ತು ವರ್ಷ ಕಲಿಸಿದ ವ್ಯಾಕರಣದ ಪಾಠವೊಂದನ್ನು ನನಗೇ ತಿರುಗಿ ಕಲಿಸಿತು. ಇಂಥ ಸಂಗತಿಗಳು ಇಂದು ರೋಣ, ನರಗುಂದ, ಗಜೇಂದ್ರಗಡದ ಎಷ್ಟೋ ಮನೆಗಳಲ್ಲಿ ನಡೆಯುತ್ತಿರಬಹುದು. ಆದುದರಿಂದ ಅದನ್ನು ಮುಚ್ಚಿಡದೆ ಹೇಳುವದು ಒಳ್ಳೆಯದೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ನಾನು ರೋಣದವನು. ನನ್ನ ವಿದ್ಯಾಭ್ಯಾಸವಾದದ್ದು ಸಂಸ್ಕೃತ ಪಾಠಶಾಲೆಯಲ್ಲಿ. ನೌಕರಿ ಬಹುಕಾಲ ನರಗುಂದದಲ್ಲಿ. 2019ರಲ್ಲಿ ನಿವೃತ್ತನಾಗಿ ಊರಿಗೆ ಬಂದು ಕುಳಿತೆನು. ಹೆಂಡತಿಯ ತವರು ಗಜೇಂದ್ರಗಡ. ನಮಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ತಾಯಿಯೊಡನೆ ಸೋದರಮಾವನ ಮನೆಗೆ ಹೋದಾಗಲೆಲ್ಲ ಅಲ್ಲಿಯ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತ ಕೂಡ್ರುವದೇ ಅವಳ ಆಟ. ರೆಕ್ಕೆಗಳು ಮೂರೇ ಏಕೆ, ನಾಲ್ಕು ಏಕಲ್ಲ, ಇಷ್ಟು ನಿಧಾನವಾಗಿ ತಿರುಗಿದರೆ ವಿದ್ಯುತ್ತು ಹೇಗೆ ಹುಟ್ಟುವದು ಎಂದು ಕೇಳಿ ಮಾವನನ್ನು ಬೇಸರಪಡಿಸುವಳು.

ಅವಳು ಆರೇಳು ವರ್ಷದವಳಿದ್ದಾಗ ಒಂದು ರಾತ್ರಿ ನಾನು ವಿಶ್ಪಲೆಯ ಕಥೆಯನ್ನು ಹೇಳಿದ್ದೆನು. ಋಗ್ವೇದದ ಮೊದಲನೆಯ ಮಂಡಲದಲ್ಲಿ ಅದರ ಪ್ರಸ್ತಾಪ ಬರುವದು. ಖೇಲರಾಜನ ಕಡೆಯವಳಾದ ವಿಶ್ಪಲೆಯ ಕಾಲು ಯುದ್ಧದಲ್ಲಿ ಕಡಿದುಹೋಗಲು, ದೇವವೈದ್ಯರಾದ ಅಶ್ವಿನೀದೇವತೆಗಳು ಅವಳಿಗೆ ಕಬ್ಬಿಣದ ಕಾಲನ್ನು ಜೋಡಿಸಿ ನಡೆಯುವಂತೆ ಮಾಡಿದರಂತೆ. ಎಲ್ಲ ಮಕ್ಕಳೂ ಈ ಕಥೆಗೆ ಬೆರಗಾಗುವರು. ನನ್ನ ಮಗಳು ಮಾತ್ರ, “ಅಪ್ಪಾ, ಆ ಕಾಲು ಮೊಣಕಾಲಿನ್ಯಾಗ ಮಡಚತಿತ್ತೇನು?” ಎಂದು ಕೇಳಿದಳು. ದೇವತೆಗಳು ಕೊಟ್ಟ ಕಾಲು ಮಡಚದೆ ಇರುತ್ತದೆಯೇ ಎಂದು ನಾನು ಮಾತನ್ನು ತೇಲಿಸಿಬಿಟ್ಟೆನು. ಅವಳು ಒಪ್ಪಿದಂತೆ ಕಾಣಲಿಲ್ಲ. ನಿದ್ದೆ ಬಂದುದರಿಂದ ಸುಮ್ಮನಾದಳು.

ಇಂಥವಳು ಮೆಕ್ಯಾನಿಕಲ್ ಇಂಜಿನಿಯರಿಂಗನ್ನು ಹಿಡಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಗದಗಿನಲ್ಲಿ ಪಿ.ಯು.ಸಿ., ಹುಬ್ಬಳ್ಳಿಯಲ್ಲಿ ಬಿ.ಇ.; 2022ರಲ್ಲಿ ಪಾಸಾಗಿ ಬೆಂಗಳೂರಲ್ಲಿ ಪಂಪುಗಳನ್ನು ತಯಾರಿಸುವ ಒಂದು ಕಾರಖಾನೆಯನ್ನು ಸೇರಿದಳು. ಬ್ಯಾಂಕಿನ ಸಾಲದ ಕಂತುಗಳನ್ನು ತನ್ನ ಸಂಬಳದಿಂದಲೇ ತುಂಬತೊಡಗಿದಳು. ಗಂಡುಮಕ್ಕಳಿಗೇ ಕಷ್ಟವೆನ್ನುವ ವಿದ್ಯೆಯಲ್ಲಿ ಹೆಣ್ಣುಮಗಳು ನೆಲೆ ನಿಂತಳೆಂದು ನಾವು ಹೆಮ್ಮೆಪಟ್ಟೆವು. ದಡ ಮುಟ್ಟಿದೆವೆಂದೇ ನನ್ನ ಭಾವನೆ.

ಇನ್ನು ಮುಖ್ಯ ಸಂಗತಿಗೆ ಬರುವೆನು. ಊರ ಹೊರಗೆ ನಮಗೆ ನಾಲ್ಕು ಎಕರೆ ಎರೆಹೊಲವುಂಟು. ಅದನ್ನು ಹದಿನೈದು ವರ್ಷಗಳಿಂದ ಒಬ್ಬ ರೈತನು ಪಾಲಿಗೆ ಮಾಡುತ್ತಿದ್ದಾನೆ. ನನ್ನ ಮಗಳಿಗೆ ಅವನು ಕಾಕಾ. 2024ರ ಆರಂಭದಲ್ಲಿ ಕಡಲೆಯ ರಾಶಿ ಮಾಡುವಾಗ ಯಂತ್ರದಲ್ಲಿ ಕಾಲು ಸಿಕ್ಕು ಅವನಿಗೆ ಮೊಣಕಾಲ ಕೆಳಗೆ ಕತ್ತರಿಸಬೇಕಾಯಿತು. ಗಾಯ ಮಾಯ್ದ ಮೇಲೆ ಒಂದು ಶಿಬಿರದಲ್ಲಿ ಅವನಿಗೆ ಕೃತಕ ಕಾಲು ಸಿಕ್ಕಿತು. ಮನೆಯ ಅಂಗಳದಲ್ಲಿಯೂ ಪೇಟೆಯ ರಸ್ತೆಯಲ್ಲಿಯೂ ಅದು ಚೆನ್ನಾಗಿಯೇ ನಡೆಯಿತು. ಆದರೆ ನಮ್ಮ ಎರೆಮಣ್ಣಿನ ಗುಣ ನಿಮಗೆ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಅದೇ ನೆಲ ಮಳೆ ಬಿದ್ದೊಡನೆ ಅಂಟಾಗಿ, ಇಟ್ಟ ಹೆಜ್ಜೆಯನ್ನು ಕೀಳಗೊಡುವದಿಲ್ಲ. ಶ್ರಾವಣದ ಮಳೆಯಲ್ಲಿ ಹೆಸರು ಬಿಡಿಸಲು ಹೋದಾಗ ಅವನ ಕಾಲು ಕೆಸರಿನಲ್ಲಿ ಹುಗಿದು, ಮೈ ಮುಂದಾಗಿ, ಕಾಲು ಹಿಂದೆಯೇ ಉಳಿಯಿತು. ಇಬ್ಬರು ಕೂಡಿ ಎತ್ತಿ ತಂದರು. “ಕಾಲು ಹೊಲಾ ಬಿಟ್ಟು ಬರವಲ್ದರೀ ಮಾಸ್ತರ್ರ, ಅದಕ್ಕೂ ಈ ಮಣ್ಣಿನ ಋಣ ಐತಿ ಕಾಣತೈತಿ” ಎಂದು ಅವನು ನಕ್ಕನು. ನಮಗೆ ನಗು ಬರಲಿಲ್ಲ.

ಆಗ ಮಗಳು ನಾಗರಪಂಚಮಿಗೆಂದು ಮನೆಗೆ ಬಂದಿದ್ದಳು. ಜೋಕಾಲಿ, ಉಂಡಿಗಳನ್ನೆಲ್ಲ ಬಿಟ್ಟು, ದಾರದಿಂದ ಕಾಕಾನ ಕಾಲನ್ನು ಅಳೆದು, ನಾಲ್ಕು ದಿನ ಊರ ವೆಲ್ಡಿಂಗ ಅಂಗಡಿಯಲ್ಲಿಯೇ ಕುಳಿತಳು. ಅಲ್ಯುಮಿನಿಯಮ್ ತಗಡಿಗೆ ಹಳೆಯ ಟಾಯರಿನ ರಬ್ಬರನ್ನು ಹೊಂದಿಸಿ, ಕೆಸರಿನಲ್ಲಿ ಹುಗಿಯದ ಅಗಲವಾದ ಅಂಗಾಲೊಂದನ್ನು ಮಾಡಿ ಆ ಕಾಲಿಗೆ ಬಿಗಿದಳು. ಅವನು ಹೊಲವನ್ನು ಈ ಬದುವಿನಿಂದ ಆ ಬದುವಿನವರೆಗೆ ನಡೆದು ತೋರಿಸಿದನು. ಊರವರು ಹೊಗಳಿದರು. ನಾನೂ ಕಟ್ಟೆಯ ಮೇಲೆ ಕುಳಿತು ವಿಶ್ಪಲೆಯ ಕಥೆಯನ್ನು ನಾಲ್ಕು ಜನರಿಗೆ ಹೇಳಿದೆನು.

ಮಗಳು ಬೆಂಗಳೂರಿಗೆ ಹೋದ ಹತ್ತನೆಯ ದಿನಕ್ಕೆ ಅವನು ಕೆಲಸಕ್ಕೆ ಬರಲಿಲ್ಲ. ನೋಡಲು ಹೋದರೆ, ಮೊಂಡುಗಾಲಿನ ತುದಿಯಲ್ಲಿ ತೊಗಲು ಕಿತ್ತು ಹುಣ್ಣಾಗಿತ್ತು. ಮೂರನೆಯ ದಿನದಿಂದಲೇ ಉರಿಯುತ್ತಿದ್ದರೂ, ತಂಗಿ ಅಷ್ಟು ಕಷ್ಟಪಟ್ಟು ಮಾಡಿದ್ದಾಳೆಂದು ಯಾರಿಗೂ ಹೇಳಿರಲಿಲ್ಲ. ಒಂದೂವರೆ ತಿಂಗಳು ಕಾಲು ಹಾಕಬಾರದೆಂದು ಡಾಕ್ಟರರು ಹೇಳಿದರು. ಮುಂಗಾರಿಯ ಸುಗ್ಗಿ ಅವನ ಕೈಬಿಟ್ಟಿತು.

ಸುದ್ದಿ ತಿಳಿದು ಮಗಳು ಮರುದಿನವೇ ಬಂದಳು. ಅವನ ಮನೆಯಿಂದ ತಿರುಗಿ ಬಂದವಳು ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅಂದಳು: “ಅಪ್ಪಾ, ತಳಾ ಅಗಲ ಮಾಡಿದ್ರ ಹುಗಿಯೂದಿಲ್ಲ ಅನ್ನೂದು ನನ್ನ ಲೆಕ್ಕಕ್ಕ ಬಂತು. ಕಾಲು ತಿರುವಿದಾಗ ಆ ತಿರುವಿನ ಭಾರ ಎಲ್ಲಿಗೆ ಹೋಗತದ, ಅಲ್ಲಿಯ ತೊಗಲು ಎಷ್ಟು ತಡೀತದ ಅನ್ನೂದು ಲೆಕ್ಕದಾಗ ಇರಲೇ ಇಲ್ಲ. ಕಬ್ಬಿಣದ ಲೆಕ್ಕ ನನಗ ಬರತದ. ಮೈಯ ಲೆಕ್ಕ ಬರೂದಿಲ್ಲ.”

ಆ ವರುಷದ ದಸರೆಯಲ್ಲಿ ಬನ್ನಿ ಕೊಟ್ಟು ಕಾಲಿಗೆರಗಿದ ಮೇಲೆ ಅವಳು ತನ್ನ ನಿಶ್ಚಯವನ್ನು ಹೇಳಿದಳು. ನೌಕರಿ ಬಿಟ್ಟು ಬಯೋಮೆಡಿಕಲ್ ಇಂಜಿನಿಯರಿಂಗಿನಲ್ಲಿ ಎಂ.ಟೆಕ್. ಓದುವಳಂತೆ, ಗೇಟ್ ಪರೀಕ್ಷೆಗೆ ಅರ್ಜಿಯನ್ನು ಸಪ್ಟೆಂಬರದಲ್ಲಿಯೇ ಹಾಕಿರುವಳಂತೆ.

ವಾಚಕರೇ, ಅಂದು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲು ಸಂಕೋಚವಾಗುವದು, ಆದರೂ ಬರೆಯಬೇಕು. ಸಾಲ ತೀರಿಲ್ಲ ಅಂದೆನು. ಬಂದ ಸಂಬಂಧವೊಂದು ಮಾತಿನಲ್ಲಿದೆ, ಎರಡು ವರ್ಷ ಅವರೇಕೆ ಕಾದಾರು ಅಂದೆನು. ಎರಡು ದೋಣಿಯಲ್ಲಿ ಕಾಲಿಟ್ಟವರ ಗತಿ ಏನಾಗುವದೆಂದು ಕೇಳಿದೆನು. ವೈದ್ಯವನ್ನು ವೈದ್ಯರು ನೋಡಿಕೊಳ್ಳುವರು, ಯಂತ್ರದವರಿಗೆ ಅಲ್ಲೇನು ಕೆಲಸವೆಂದೆನು. ಕೊನೆಗೆ, “ಹಿಡಿದ ಶಾಸ್ತ್ರ ಬಿಟ್ಟವರಿಗೆ ಯಾವ ಶಾಸ್ತ್ರಾನೂ ದಕ್ಕೂದಿಲ್ಲವ್ವಾ” ಎಂದುಬಿಟ್ಟೆನು. ಅವಳು ಎದುರಾಡಲಿಲ್ಲ. “ನಾ ಬಿಡತೀನಂತ ಎಲ್ಲಿ ಅಂದೀನಿ, ಅಪ್ಪಾ?” ಎಂದಷ್ಟೇ ಅಂದು ಎದ್ದು ಹೋದಳು.

ಆ ಮಾತು ನನ್ನ ಬಾಯಿಂದ ಹೊರಬಿದ್ದ ಕೂಡಲೇ ಅದು ನನ್ನ ಮಾತಲ್ಲವೆಂಬದು ನನಗೆ ನೆನಪಾಯಿತು. 1981ರಲ್ಲಿ, ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅದನ್ನು ನನಗೆ ಹೇಳಿದವರು ನಮ್ಮ ದೊಡ್ಡಪ್ಪ. ಪಾಠಶಾಲೆಯ ಕೊನೆಯ ಪರೀಕ್ಷೆ ಮುಗಿದಿತ್ತು. ವ್ಯಾಕರಣ ಓದುತ್ತ ಓದುತ್ತ ನನಗೆ ಸುಶ್ರುತ ಸಂಹಿತೆಯ ಹುಚ್ಚು ಹಿಡಿದಿತ್ತು. ಆಯುರ್ವೇದ ವಿದ್ಯಾಲಯವನ್ನು ಸೇರಬೇಕೆಂದು ಅರ್ಜಿಯನ್ನು ಬರೆದಿಟ್ಟಿದ್ದೆನು. ದೊಡ್ಡಪ್ಪ ಆ ಒಂದು ವಾಕ್ಯ ಹೇಳಿದರು. ಅರ್ಜಿಯನ್ನು ನಾನು ಕಳಿಸಲಿಲ್ಲ. ಮಾಸ್ತರಿಕೆಯ ವಿಷಯದಲ್ಲಿ ನನಗೆ ವ್ಯಸನವಿಲ್ಲ. ಅದು ನನಗೆ ಅನ್ನವನ್ನೂ ಗೌರವವನ್ನೂ ಕೊಟ್ಟಿದೆ. ಆದರೆ ಅಂದಿನ ರಾತ್ರಿ ನಿದ್ದೆ ಬಾರದೆ ಎದ್ದು, ಕಪಾಟಿನಿಂದ ಸಿದ್ಧಾಂತಕೌಮುದಿಯನ್ನು ತೆಗೆದು ನೋಡಿದೆನು. ನಾಲ್ಕು ಮಡಿಕೆಯ ಆ ಅರ್ಜಿ, ಮಸಿ ಕಂದಿ, ಇಟ್ಟಲ್ಲಿಯೇ ಇತ್ತು.

ಅದನ್ನು ಇಟ್ಟಿದ್ದ ಪುಟದಲ್ಲಿ ಕಣ್ಣಾಡಿಸುತ್ತಿರುವಾಗ, ನಾನು ಎಷ್ಟೋ ಸಲ ಮಕ್ಕಳಿಗೆ ಹೇಳಿದ ಒಂದು ವಿಷಯವು ಹೊಸದಾಗಿ ಕಂಡಿತು. ಸಂಸ್ಕೃತ ಬಾರದ ವಾಚಕರಿಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುವೆನು.

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4,000 ಸೂತ್ರಗಳಿರುವವು. ಎರಡು ಮೂರು ಶಬ್ದಗಳಲ್ಲಿ ಸೂತ್ರ ಮುಗಿಯಲು ಸಾಧ್ಯವಾದದ್ದು ಅನುವೃತ್ತಿಯಿಂದ. ಹಿಂದಿನ ಸೂತ್ರದ ಶಬ್ದವು ಹೇಳದೆಯೇ ಮುಂದಿನ ಸೂತ್ರದೊಳಗೆ ಹರಿದು ಬರುವದಕ್ಕೆ ಅನುವೃತ್ತಿಯೆಂದು ಹೆಸರು. ಮನೆಯಲ್ಲಿ ತಾಯಿಯು, “ಅಣ್ಣಗ ರೊಟ್ಟಿ ಬಡಸು, ತಮ್ಮಗೂ, ಅಜ್ಜಗ ಮಜ್ಜಿಗಿ” ಎಂದು ಹೇಳುವಳು. ತಮ್ಮನಿಗೆ ಏನು ಮಾಡಬೇಕೆಂಬದನ್ನು ಅವಳು ಹೇಳಲಿಲ್ಲ. ‘ರೊಟ್ಟಿ’, ‘ಬಡಸು’ ಎರಡೂ ಹಿಂದಿನಿಂದ ಬಂದವು. ಅಜ್ಜನ ಪಾಲಿಗೆ ಬಂದಾಗ ‘ಬಡಸು’ ಮಾತ್ರ ಬಂದು ‘ರೊಟ್ಟಿ’ ನಿಂತಿತು. ಹೀಗೆ ನಿಲ್ಲುವದಕ್ಕೆ ನಿವೃತ್ತಿಯೆನ್ನುವರು. ಯಾವುದು ಹರಿದು ಬರುವದು, ಯಾವುದು ನಿಲ್ಲುವದು ಎಂಬದನ್ನು ತಿಳಿಯುವದರಲ್ಲಿಯೇ ವೈಯಾಕರಣನ ಜಾಣತನವಿದೆ. ಇನ್ನೊಂದು ಮಾತು. ಕೌಮುದಿಯಲ್ಲಿ ಭಟ್ಟೋಜಿ ದೀಕ್ಷಿತರು ಪಾಣಿನಿಯ ಸೂತ್ರಗಳನ್ನು ವಿಷಯಕ್ಕೆ ತಕ್ಕಂತೆ ಬೇರೆಬೇರೆ ಕಡೆಗೆ ತಂದಿಟ್ಟಿರುವರು. ಸ್ಥಳ ಬದಲಾದ ಸೂತ್ರದಲ್ಲಿ ಅನುವೃತ್ತಿ ಕಣ್ಣಿಗೆ ಕಾಣುವದಿಲ್ಲ. ಆ ಶಬ್ದವನ್ನು ವೃತ್ತಿಯಲ್ಲಿ ಬಿಡಿಸಿ ಹೇಳಬೇಕಾಗುವದು. ಕಾಣದ ಮಾತ್ರಕ್ಕೆ ಅದು ಇಲ್ಲವೆಂದಲ್ಲ.

ನನ್ನ ಮಗಳು ಸ್ಥಳ ಬದಲಿಸುತ್ತಿದ್ದಳು. ಶಾಸ್ತ್ರವನ್ನು ಬಿಡುತ್ತಿರಲಿಲ್ಲ. ಹಾಗಾದರೆ ಯಾವುದು ಹರಿದು ಬರುವದು, ಯಾವುದು ನಿಲ್ಲುವದು? ಬೆಳಗಾದೊಡನೆ ಅವಳನ್ನು ಕೂಡ್ರಿಸಿಕೊಂಡು ಕೇಳಿದೆನು. ಇದಕ್ಕೇ ಕಾದಿದ್ದವಳಂತೆ ಅವಳು ತನ್ನ ಪಂಪಿನಿಂದಲೇ ಆರಂಭಿಸಿದಳು.

ಹೃದಯವೂ ಒಂದು ಪಂಪು. ದ್ರವವು ಕೊಳವೆಯಲ್ಲಿ ಹರಿಯುವ ನಿಯಮ, ಕವಾಟ ತೆರೆದು ಮುಚ್ಚುವ ನಿಯಮ, ಮೇಲಿಂದ ಮೇಲೆ ಬಾಗಿದ ಲೋಹ ದಣಿದು ಸೀಳುವ ನಿಯಮ, ಇವೆಲ್ಲ ಅಲ್ಲಿಗೂ ಬರುವವು. ಆದರೆ ನೀರನ್ನು ಎಷ್ಟು ಜೋರಾಗಿ ತಿರುವಿದರೂ ನೀರಿಗೆ ಗಾಯವಾಗುವದಿಲ್ಲ. ರಕ್ತವನ್ನು ಹಾಗೆ ತಿರುವಿದರೆ ಕೆಂಪು ಕಣಗಳು ಒಡೆಯುವವು. ಹರಿವು ಎಲ್ಲಿಯಾದರೂ ನಿಂತರೆ ಅಲ್ಲಿಯೇ ರಕ್ತ ಹೆಪ್ಪುಗಟ್ಟುವದು. ಪಂಪನ್ನು ನಿಲ್ಲಿಸಿ, ಬಿಚ್ಚಿ, ದುರಸ್ತಿ ಮಾಡಬಹುದು. ಇದನ್ನು ಹಾಗೆ ನಿಲ್ಲಿಸಿ ಇಡುವಂತಿಲ್ಲ. ಕಾರಖಾನೆಯ ಸಾವಿರ ಪಂಪುಗಳು ಒಂದೇ ಅಳತೆಯವು. ಇಬ್ಬರು ಮನುಷ್ಯರ ಮೈ ಒಂದೇ ಅಳತೆಯದಲ್ಲ. ಕಬ್ಬಿಣಕ್ಕೆ ನೋವು ಗೊತ್ತಿಲ್ಲ, ನೋವನ್ನು ಮುಚ್ಚಿಡುವದೂ ಗೊತ್ತಿಲ್ಲ. ಇದನ್ನು ಹೇಳುವಾಗ ಅವಳ ದನಿ ತಗ್ಗಿತು, ಕಾಕಾನ ನೆನಪಾಗಿರಬೇಕು. ಇವೆಲ್ಲ ಹೊಸ ಸೂತ್ರದಲ್ಲಿ ಹೊಸದಾಗಿ ಬಂದ ಶಬ್ದಗಳು. ಅವುಗಳಿಗಾಗಿಯೇ ಅವಳು ಶರೀರರಚನೆಯನ್ನೂ ಶರೀರಕ್ರಿಯೆಯನ್ನೂ ಮೊದಲಿನಿಂದ ಓದಬೇಕಾಗಿತ್ತು.

ಮಾತಿನ ನಡುವೆ ಅವಳು ಡಾ. ಎಂ. ಎಸ್. ವಲಿಯತ್ತಾನರ ಹೆಸರನ್ನು ಎತ್ತಿದಳು. ನಾನು ಚಕಿತನಾದೆನು. 2024ರ ಜುಲೈದಲ್ಲಿ ದಿವಂಗತರಾದ ಈ ಮಹನೀಯರನ್ನು ನಾನು ಚರಕ, ಸುಶ್ರುತ, ವಾಗ್ಭಟರ ಮೇಲೆ ಗ್ರಂಥಗಳನ್ನು ಬರೆದ ವಿದ್ವಾಂಸರೆಂದು ಬಲ್ಲೆನು. ಅವಳು ಬಲ್ಲದ್ದು ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ನಮ್ಮ ದೇಶದ ಕೃತಕ ಹೃದಯಕವಾಟವನ್ನು ಮಾಡಿಸಿದ ಶಸ್ತ್ರವೈದ್ಯರೆಂದು. ಒಬ್ಬರೇ ಮನುಷ್ಯರನ್ನು ತಂದೆ ಒಂದು ಬಾಗಿಲಿನಿಂದಲೂ ಮಗಳು ಇನ್ನೊಂದು ಬಾಗಿಲಿನಿಂದಲೂ ನೋಡಿದ್ದೆವು! ಆ ಕವಾಟದ ಕಥೆಯನ್ನು ಅವಳಿಂದಲೇ ಕೇಳಿದೆನು. ಹೃದಯವು ದಿನಕ್ಕೆ ಸುಮಾರು 1 ಲಕ್ಷ ಸಲ, ವರ್ಷಕ್ಕೆ 3.5 ಕೋಟಿಗೂ ಮಿಕ್ಕು ಬಡಿಯುವದು. ಕವಾಟವು ಅಷ್ಟೂ ಸಲ ತೆರೆದು ಮುಚ್ಚಬೇಕು, ಸವೆಯಬಾರದು, ರಕ್ತ ಹೆಪ್ಪುಗಟ್ಟಿಸಬಾರದು. ಪರದೇಶದ ಕವಾಟಗಳು ಬಡವರಿಗೆ ಎಟುಕುತ್ತಿರಲಿಲ್ಲ. ವೈದ್ಯರೂ ಇಂಜಿನಿಯರರೂ ಒಂದೇ ಸಂಸ್ಥೆಯಲ್ಲಿ ಕೂಡಿ ಕೆಲಸಮಾಡಿ ವರ್ಷಗಟ್ಟಲೆ ಹೆಣಗಿದರು. ಮೊದಲಿನ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಕೊನೆಗೆ ಕೋಬಾಲ್ಟ ಕ್ರೋಮಿಯಮ್ ಮಿಶ್ರಲೋಹದ ಚೌಕಟ್ಟು, ಅದರೊಳಗೆ ವಾಲುವ ಪ್ಲಾಸ್ಟಿಕ್ ಬಿಲ್ಲೆ, ಹೊಲಿಯಲು ಪಾಲಿಯೆಸ್ಟರಿನ ಅಂಚು, ಇಂಥ ಮಾದರಿಯು ಯಂತ್ರದ ಪರೀಕ್ಷೆಯನ್ನೂ ಕುರಿಗಳಲ್ಲಿ ಮಾಡಿದ ಪರೀಕ್ಷೆಯನ್ನೂ ಗೆದ್ದು, 1990ರ ಡಿಸೆಂಬರದಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯದಲ್ಲಿ ಕುಳಿತಿತು. ವೈದ್ಯವನ್ನು ವೈದ್ಯರೇ ನೋಡಿಕೊಳ್ಳುವರೆಂದು ಹಿಂದಿನ ದಿನ ನಾನಂದ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿರಲಿಲ್ಲ.

“ಕನ್ನಡ ನಾಡಿನವರು ಯಾರಾದರೂ ಹಿಂಗ ಹಾದಿ ಬದಲಿಸ್ಯಾರೇನು?” ಎಂದು ಕೇಳಿದೆನು. ಅವಳು ರಂಗರಾಜ ರಂಗಯ್ಯನ್ ಎಂಬವರ ವಿಷಯ ಹೇಳಿದಳು. ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ ಕಾಲೇಜಿನಿಂದ 1976ರಲ್ಲಿ ಇಲೆಕ್ಟ್ರಾನಿಕ್ಸದಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಇ. ಪದವಿ, 1980ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಪಿಎಚ್.ಡಿ. ತಂತಿಯಲ್ಲಿ ಬರುವ ಸಂಕೇತದಿಂದ ಗದ್ದಲವನ್ನು ತೆಗೆದು ಅರ್ಥವನ್ನು ಹಿಡಿಯುವ ವಿದ್ಯೆಯನ್ನು ಅವರು ಹೃದಯದ ಇ.ಸಿ.ಜಿ. ಗೆರೆಗಳಿಗೆ ಹಚ್ಚಿದರು. ಮುಂದೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಸ್ತನದ ಎಕ್ಸ್‌ರೇ ಚಿತ್ರಗಳಲ್ಲಿ ರೋಗದ ಕುರುಹನ್ನು ಗುರುತಿಸುವ ವಿಷಯದಲ್ಲಿಯೂ, ಮೊಣಕಾಲು ಮಡಚುವಾಗ ಏಳುವ ಸೂಕ್ಷ್ಮ ಕಂಪನಗಳಿಂದ ಒಳಗಿನ ಮೃದ್ವಸ್ಥಿಯ ಸವೆತವನ್ನು ಶಸ್ತ್ರವಿಲ್ಲದೆ ತಿಳಿಯುವ ವಿಷಯದಲ್ಲಿಯೂ ಸಂಶೋಧನೆ ಮಾಡಿದರು. ಜೈವಿಕ ಸಂಕೇತಗಳ ಮೇಲೆ 2002ರಲ್ಲಿ ಅವರು ಬರೆದ ಗ್ರಂಥವು ಈ ವಿದ್ಯೆಯ ವಿದ್ಯಾರ್ಥಿಗಳ ಪಠ್ಯವಾಗಿದೆ. ಅವರು ಇಲೆಕ್ಟ್ರಾನಿಕ್ಸವನ್ನು ಬಿಟ್ಟರೆನ್ನಬೇಕೋ, ಮೊಣಕಾಲಿನವರೆಗೆ ಒಯ್ದರೆನ್ನಬೇಕೋ? ಬಾಗಿಲ ಮರೆಯಲ್ಲಿ ಕೇಳುತ್ತ ನಿಂತ ಮನೆಯವಳು, “ಹಂಗಾರ ನನ್ನ ಮೊಣಕಾಲಿನ ಪುರಾಣ ಕೇಳವರೂ ಒಬ್ಬರು ಇದ್ದಾರನ್ನು!” ಅಂದಳು. ಎರಡು ದಿನಗಳ ಬಳಿಕ ಮನೆಯಲ್ಲಿ ಮೊದಲ ಸಲ ನಗು ಕೇಳಿಸಿತು.

ಜಯಪುರದ ಕಾಲಿನ ಸುದ್ದಿಯನ್ನೂ ಅವಳೇ ಹೇಳಿದಳು. 1968ರ ಸುಮಾರಿಗೆ ಅದನ್ನು ರೂಪಿಸಿದವರು ರಾಮಚಂದ್ರ ಶರ್ಮರೆಂಬ ಕುಶಲಕರ್ಮಿಯೂ ಡಾ. ಪಿ. ಕೆ. ಸೇಠಿಯವರೆಂಬ ವೈದ್ಯರೂ ಕೂಡಿ. ಬರಿಗಾಲಲ್ಲಿ ನಡೆಯುವ, ಕುಕ್ಕುರುಗಾಲಲ್ಲಿ ಕೂಡ್ರುವ, ಒದ್ದೆ ನೆಲದಲ್ಲಿ ದುಡಿಯುವ ನಮ್ಮ ಜನರಿಗೆ ಬೂಟಿನೊಳಗಿನ ಪರದೇಶೀ ಕಾಲು ಸಲ್ಲದೆಂದು ಅವರು ಕಂಡುಕೊಂಡರು. ಶಿಬಿರದಲ್ಲಿ ನಮ್ಮ ರೈತನಿಗೆ ಸಿಕ್ಕದ್ದು ಬೇರೆ ತರದ್ದು. “ನಾ ಹೊಸಾದು ಮಾಡೂದಕ್ಕಿಂತ ಮೊದಲು, ಆದದ್ದನ್ನ ತಿಳಕೊಂಡಿದ್ರ ಕಾಕಾಗ ಹುಣ್ಣು ಆಗತಿರಲಿಲ್ಲ” ಅಂದಳು. ವಿದ್ಯೆಗೆ ಗುರುಕುಲ ಬೇಕೆಂಬ ಮಾತಿಗೆ ಇದಕ್ಕಿಂತ ಬೇರೆ ಪ್ರಮಾಣವನ್ನು ನಾನು ಕೇಳಿಲ್ಲ.

ನಾನು ಒಪ್ಪಿದೆನು. ಒಪ್ಪಿಗೆಗೆ ಬೆಲೆ ತೆರಬೇಕಾಯಿತೆಂಬದನ್ನೂ ಹೇಳಬೇಕು. ಮಾತಿನಲ್ಲಿದ್ದ ಸಂಬಂಧವು ತಪ್ಪಿತು. ಸಾಲದ ಕಂತುಗಳು ನನ್ನ ಪಿಂಚಣಿಯ ಮೇಲೆ ಬಂದವು. ಕಾರಖಾನೆಯಲ್ಲಿ ಒಳ್ಳೆಯ ಸಂಬಳ ಪಡೆಯುತ್ತಿದ್ದವಳಿಗೆ ಈಗ ಬರುವದು ತಿಂಗಳಿಗೆ 12,400 ರೂಪಾಯಿಯ ವಿದ್ಯಾರ್ಥಿವೇತನ. ನೆಂಟರು, “ಮಾಸ್ತರು ಮಗಳ ಹುಚ್ಚಿಗೆ ಹೂಂ ಅಂದರು” ಎಂದರು, ಅನ್ನಲಿ.

ಮಕ್ಕಳನ್ನು ಈ ಮಾರ್ಗಕ್ಕೆ ಕಳಿಸಬಯಸುವ ವಾಚಕರಿಗೆ ಉಪಯೋಗವಾದೀತೆಂದು, ನಾವು ತಿಳಿದ ನಾಲ್ಕು ವಿಷಯಗಳನ್ನು ಹೇಳುವೆನು. ಗೇಟ್ ಪರೀಕ್ಷೆಯಲ್ಲಿ ಬಯೋಮೆಡಿಕಲ್ ಇಂಜಿನಿಯರಿಂಗಿಗೆ 2020ರಿಂದ ಬೇರೆ ಪ್ರಶ್ನಪತ್ರಿಕೆಯೇ ಇದೆ. ಆದರೂ ಹಲವು ವಿದ್ಯಾಸಂಸ್ಥೆಗಳು ಮೆಕ್ಯಾನಿಕಲ್, ಇಲೆಕ್ಟ್ರಾನಿಕ್ಸ ಮೊದಲಾದ ಪದವಿಗಳವರನ್ನೂ ಅವರವರ ವಿಷಯದ ಅಂಕಗಳ ಮೇಲೆಯೇ ತೆಗೆದುಕೊಳ್ಳುವವು. ನನ್ನ ಮಗಳು 2025ರ ಫೆಬ್ರುವರಿಯಲ್ಲಿ ತನ್ನ ಹಳೆಯ ಮೆಕ್ಯಾನಿಕಲ್ ವಿಷಯದಲ್ಲಿಯೇ ಪರೀಕ್ಷೆಗೆ ಕುಳಿತಳು. ಯಾವ ಸಂಸ್ಥೆ ಯಾವ ಪದವಿಯನ್ನು ಒಪ್ಪುವದೆಂಬದನ್ನು ಅರ್ಜಿಗೆ ಮೊದಲೇ ನೋಡಿಕೊಳ್ಳತಕ್ಕದ್ದು. ಆಸ್ಪತ್ರೆಯೊಳಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಕ್ರಮ ಎಲ್ಲಿದೆಯೆಂದು ವಿಚಾರಿಸತಕ್ಕದ್ದು, ಮದ್ರಾಸ ಐ.ಐ.ಟಿ., ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಹಾಗು ಮೇಲೆ ಹೇಳಿದ ಶ್ರೀಚಿತ್ರಾ ಸಂಸ್ಥೆ, ಈ ಮೂರೂ ಕೂಡಿ ರೂಪಿಸಿದ ಕ್ಲಿನಿಕಲ್ ಇಂಜಿನಿಯರಿಂಗ ಎಂ.ಟೆಕ್. ಇದಕ್ಕೆ ಒಳ್ಳೆಯ ಉದಾಹರಣೆ. ನೌಕರಿಯ ಮಾತಿಗೆ ಬಂದರೆ, ಗಣಕಯಂತ್ರದ ಕಂಪನಿಗಳಷ್ಟು ಬಾಗಿಲುಗಳು ಇಲ್ಲಿಲ್ಲ. ದೊಡ್ಡ ಆಸ್ಪತ್ರೆಗಳ ಯಂತ್ರೋಪಕರಣಗಳಲ್ಲಿ ಬಹುಭಾಗ ಇನ್ನೂ ಪರದೇಶದಿಂದಲೇ ಬರುವವು. ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಸಿದ್ಧವಾಗಿ ಕಾದಿರುವ ಕುರ್ಚಿಗಳು ಕಡಿಮೆ. ಇದನ್ನು ತಿಳಿದೇ ಹೋಗಬೇಕು.

2025ರ ಮಳೆಗಾಲದಲ್ಲಿ ಅವಳು ಒಂದು ಸಂಸ್ಥೆಯನ್ನು ಸೇರಿದಳು. ಹೋಗುವಾಗ ನನ್ನ ಸುಶ್ರುತ ಸಂಹಿತೆಯನ್ನು ಕೇಳಿ ಒಯ್ದಳು. ಅದರ ಬದಲು ತನ್ನ ಶರೀರಶಾಸ್ತ್ರದ ಒಂದು ಹಳೆಯ ಪುಸ್ತಕವನ್ನು ನನಗೆ ಬಿಟ್ಟಳು. ಸುಶ್ರುತನು ಹೇಳುವ 101 ಯಂತ್ರಗಳಲ್ಲಿ ಸಿಂಹ, ಕಾಗೆ ಮುಂತಾದ ಪ್ರಾಣಿಪಕ್ಷಿಗಳ ಮೋರೆಯ ಆಕಾರದ ಇಕ್ಕಳಗಳಿರುವದನ್ನು ಓದಿ ಅವಳು ಅಲ್ಲಿಂದ ಫೋನು ಮಾಡಿ ಸಂತೋಷಪಟ್ಟಳು. ಇಲ್ಲಿ ನಾನು ಅವಳ ಪುಸ್ತಕದೊಡನೆ ಜಗಳಾಡುತ್ತಿರುವೆನು. ಸುಶ್ರುತನಲ್ಲಿ ಮಾಂಸಖಂಡಕ್ಕೆ ‘ಪೇಶಿ’ ಎಂಬ ಹೆಸರು. ‘ಸ್ನಾಯು’ವೆಂದರೆ ಕೀಲುಗಳನ್ನು ಬಿಗಿಯುವ ಕಟ್ಟು. ಇಂದಿನ ನಮ್ಮ ಸಾಲೆಯ ಪುಸ್ತಕಗಳಲ್ಲಿ ಮಾಂಸಖಂಡವೇ ಸ್ನಾಯು. ಶಬ್ದ ಹರಿದು ಬಂದಿದೆ, ಅರ್ಥ ಹಿಂದೆ ನಿಂತಿದೆ. ಇದನ್ನು ಅವಳಿಗೆ ತಿಳಿಸಲು, “ಅದಕ್ಕ ಅಪ್ಪಾ, ಹಳೇದನ್ನ ತೊಗೊಂಡು ಬರೂವಾಗ ತಪಾಸ ಮಾಡಿ ತರಬೇಕು” ಅಂದಳು. ಮಾಸ್ತರಿಕೆ ಅವಳ ಕೈಗೆ ಹೋಗಿದೆ.

ಕಳೆದ ಎಳ್ಳಮಾಸಿಗೆ ಅವಳು ಊರಿಗೆ ಬಂದಿದ್ದಳು. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ನಮ್ಮ ರೈತನು ಈಗ ಜಯಪುರದ ಮಾದರಿಯ ಕಾಲನ್ನು ಹಾಕುತ್ತಾನೆ. ಕೆಸರಿನಲ್ಲಿ ಮೊದಲಿನಷ್ಟು ತ್ರಾಸವಿಲ್ಲ. ಬದುವಿನ ಇಳಿಜಾರಿನಲ್ಲಿ ಮಾತ್ರ ಇನ್ನೂ ಜಾರುತ್ತಾನೆ. ಊಟವಾದ ಮೇಲೆ, “ತಂಗೀ, ಇದನ್ನಷ್ಟು ನೋಡಬೇ” ಎಂದು ಕಾಲನ್ನು ಬಿಚ್ಚಿ ಅವಳ ಮುಂದಿಟ್ಟನು. ಹಿಂದೊಮ್ಮೆ ಅವಳು ಮೊದಲು ಆ ಕಾಲನ್ನೇ ಎತ್ತಿಕೊಂಡು ತಿರುವಿ ನೋಡಿದ್ದಳು. ಈ ಸಲ ಅದನ್ನು ಅಲ್ಲಿಯೇ ಬಿಟ್ಟು, ತಂಬಿಗೆಯ ನೀರಿನಲ್ಲಿ ಕೈ ತೊಳೆದು, ಅವನ ಮೊಂಡುಗಾಲಿನ ತೊಗಲನ್ನು ಬೆರಳಿನಿಂದ ಮೆಲ್ಲಗೆ ಒತ್ತುತ್ತ, “ಕಾಕಾ, ಇಲ್ಲಿ ಒತ್ತಿದ್ರ ನೋವು ಆಗತದೇನು? ಖರೇ ಹೇಳಬೇಕು” ಅಂದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗತೈತಿ” ಅಂದನು.

ಯಂತ್ರಗಳಲ್ಲೆಲ್ಲ ಕೈಯೇ ಪ್ರಧಾನವೆಂದು ಸುಶ್ರುತನ ಅಭಿಪ್ರಾಯ. ನಾನು ಅದನ್ನು ಓದಿ ನಾಲ್ವತ್ತು ವರ್ಷಗಳ ಮೇಲಾಯಿತು, ನೋಡಿದ್ದು ಅಂದು.

ಅವಳ ಕೆಲಸ ಇನ್ನೂ ಆಗಬೇಕಾಗಿದೆ. ಆಗುವದೋ ಇಲ್ಲವೋ ಬಲ್ಲವರಾರು? ಆದರೆ ವಾಚಕರೇ, ನಿಮ್ಮ ಮನೆಯ ಮಗನಾಗಲಿ ಮಗಳಾಗಲಿ ಕಲಿತ ವಿದ್ಯೆಯಿಂದ ಇನ್ನೊಂದಕ್ಕೆ ಹೊರಟು ನಿಂತರೆ, ಬಿಡುವದೇನೆಂದು ಮೊದಲೇ ಕೇಳಬೇಡಿರಿ. ಒಯ್ಯುವದೇನೆಂದು ಕೇಳಿರಿ; ಆ ಬಳಿಕ, ಎಲ್ಲಿ ನಿಲ್ಲಿಸಬೇಕೆಂಬದು ತಿಳಿದಿದೆಯೋ ಎಂದು ಕೇಳಿರಿ. ಎರಡಕ್ಕೂ ಉತ್ತರ ಬಂದರೆ ಹರಸಿ ಕಳಿಸಿರಿ. ನನ್ನ ಅರ್ಜಿಯನ್ನು ಕೌಮುದಿಯೊಳಗೇ ತಿರುಗಿ ಇಟ್ಟಿರುವೆನು. ಅದು ಅಲ್ಲಿಯೇ ಇರಲಿ. ಇಷ್ಟು ಅರಿಕೆ ಮಾಡಿಕೊಂಡು ಲೇಖನವನ್ನು ಮುಗಿಸುವೆನು.